ಕೇಳಿ, ಹೇಳುತ್ತೇನೆ: ಹಳೇ ಲ್ಯಾಪ್‌ಟಾಪ್, ನುಡಿ ಫೈಲು ಮತ್ತು ಲಿನಕ್ಸ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತಲ್ಲ, ಮುಂದೇನು? ಹಾಗಾಗಿ ವೈಫೈ, ಮೊಬೈಲ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಇವತ್ತು ಬರೀ ಆಪರೇಟಿಂಗ್ ಸಿಸ್ಟಮ್ ಮತ್ತು ಓಪನ್ ಸೋರ್ಸ್, ಅಂದರೆ ಒಳಗಿನ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್. ನನ್ನ ಒಲವು ಯಾವ ಕಡೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮೇಜಿನ ಮೇಲಿರುವುದು 2013ರ ಲ್ಯಾಪ್‌ಟಾಪ್. ಅದರಲ್ಲಿ ಓಡುತ್ತಿರುವುದು ಡೆಬಿಯನ್ 13. ವಿಂಡೋಸ್ ಬದಲು ಹಾಕಬಹುದಾದ ಓಪನ್ ಸೋರ್ಸ್ ಸಿಸ್ಟಮ್ ಲಿನಕ್ಸ್, ಅದರ ಹಲವು ಬಗೆಗಳಲ್ಲಿ ಡೆಬಿಯನ್ ಒಂದು. ಈ ಅಂಕಣವನ್ನು ಆ ಲ್ಯಾಪ್‌ಟಾಪ್‌ನಲ್ಲೇ, ಎಂಎಸ್ ಆಫೀಸ್ ತರಹದ ಲಿಬ್ರೆಆಫೀಸ್‌ನಲ್ಲಿ ಬರೆಯುತ್ತೇನೆ.

ಪ್ರಶ್ನೆ: 2015ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಐದನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ವಿಂಡೋಸ್ 11 ಹಾಕಲು ಹೋದರೆ ಈ ಯಂತ್ರಕ್ಕೆ ಆಗುವುದಿಲ್ಲ ಅನ್ನುತ್ತದೆ. ಅಂಗಡಿಯವರು ಹೊಸದು ತಗೊಳ್ಳಿ ಅನ್ನುತ್ತಾರೆ. ನನಗೆ ಬೇಕಿರುವುದು ಬ್ರೌಸರ್, ಯೂಟ್ಯೂಬ್, ಕನ್ನಡದಲ್ಲಿ ನಾಲ್ಕು ಪುಟ ಬರೆಯುವುದು, ಅಷ್ಟೇ. ಏನು ಮಾಡಲಿ?
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಹೊಸದು ಕೊಳ್ಳಬೇಡಿ ಸಾರ್. ನಿಮ್ಮ ಲ್ಯಾಪ್‌ಟಾಪ್‌ಗೆ ಏನೂ ಆಗಿಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ಮುಗಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಆಮೇಲಿನದು ಇರಬೇಕು. ಆ ಎಂಟನೇ ತಲೆಮಾರು ಬಂದದ್ದೇ 2017ರಲ್ಲಿ. ಅದಕ್ಕಿಂತ ಹಿಂದಿನ ಯಂತ್ರಗಳು, ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಪಟ್ಟಿಯಿಂದ ಹೊರಗೆ. ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ ಇದು. ಕೀಲಿಮಣೆ ಸರಿಯಿದೆ, ಪರದೆ ಸರಿಯಿದೆ, ಆದರೂ ಗುಜರಿಗೆ ಹಾಕು ಅಂದರೆ ಹೇಗೆ?

ಮನೆಬಳಕೆಯವರಿಗೆ 2026ರ ಅಕ್ಟೋಬರ್‌ವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನು ಮೈಕ್ರೋಸಾಫ್ಟ್ ಇಟ್ಟಿತು. ಅದು ಉಸಿರಾಡಲು ಸಮಯ, ಪರಿಹಾರ ಅಲ್ಲ. ನಿಮಗೆ ನನ್ನ ಸಲಹೆ ಲಿನಕ್ಸ್ ಮಿಂಟ್. ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ. ಅದು ಹಗುರ, ನೋಡಲು ನಿಮ್ಮ ಹಳೆಯ ವಿಂಡೋಸ್ ತರಹವೇ ಇದೆ. ಕೆಳಗೆ ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ. ಮಿಂಟ್‌ನವರು ಕನಿಷ್ಠ 2 ಜಿಬಿ ರ‍್ಯಾಮ್ ಇರಲಿ, 4 ಇದ್ದರೆ ಒಳ್ಳೆಯದು ಅನ್ನುತ್ತಾರೆ. ನಿಮ್ಮಲ್ಲಿ 4 ಇದೆ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

ತಕ್ಷಣ ಹಾಕಿಬಿಡಬೇಡಿ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. 8 ಜಿಬಿ ಪೆನ್‌ಡ್ರೈವ್ ಸಾಕು. ರೂಫಸ್ ಎಂಬ ಚಿಕ್ಕ ಸಾಫ್ಟ್‌ವೇರ್ ಬಳಸಿ ಮಿಂಟ್‌ನ ಐಎಸ್‌ಒ ಫೈಲನ್ನು (ಇಡೀ ಸಿಸ್ಟಮ್ ಒಂದೇ ಫೈಲಿನಲ್ಲಿ ಇರುವುದು) ಪೆನ್‌ಡ್ರೈವ್‌ಗೆ ಬರೆಯಬೇಕು. ಆ ಪೆನ್‌ಡ್ರೈವ್‌ನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12 ಅಥವಾ ಎಫ್9 ಒತ್ತಿದರೆ ಯಾವುದರಿಂದ ಶುರು ಮಾಡಲಿ ಅಂತ ಕೇಳುತ್ತದೆ. ಕಂಪನಿಗೊಂದು ಕೀ, ಅಷ್ಟೇ ವ್ಯತ್ಯಾಸ. ಪೆನ್‌ಡ್ರೈವ್ ಆರಿಸಿ. ನಿಮ್ಮ ಹಾರ್ಡ್‌ಡಿಸ್ಕ್ ಮುಟ್ಟದೆಯೇ ಮಿಂಟ್ ತೆರೆದುಕೊಳ್ಳುತ್ತದೆ. ಆಗ ವೈಫೈ ಹಿಡಿಯುತ್ತದಾ, ಸೌಂಡ್ ಬರುತ್ತದಾ, ಕ್ಯಾಮೆರಾ ಕಾಣುತ್ತದಾ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರ ಆಗುತ್ತದಾ, ಇಷ್ಟನ್ನು ನೋಡಿ. ಎಲ್ಲ ಸರಿ ಇದ್ದರೆ ಆಮೇಲೆ ಇನ್‌ಸ್ಟಾಲ್ ಮಾಡಿ.

ಇನ್ನೊಂದು ಮಾತು. 2015ರ ಲ್ಯಾಪ್‌ಟಾಪ್ ಅಂದರೆ ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಇರುವ ಸಾಧ್ಯತೆ ಜಾಸ್ತಿ. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ಲಿನಕ್ಸ್ ಹಾಕಿದ್ದಕ್ಕಿಂತ ದೊಡ್ಡ ವ್ಯತ್ಯಾಸ ಇದರಿಂದಲೇ ಕಾಣುತ್ತದೆ, ಲಿನಕ್ಸ್ ಅಭಿಮಾನಿಯಾಗಿಯೂ ಇದನ್ನು ಹೇಳಲೇಬೇಕು. ತೆಗೆದ ಹಳೆಯ ಡಿಸ್ಕನ್ನು ಹಾಗೇ ಎತ್ತಿಡಿ. ಅದರಲ್ಲಿ ನಿಮ್ಮ ಫೋಟೋ, ಪಾಠದ ಟಿಪ್ಪಣಿ ಎಲ್ಲ ಇರುತ್ತವೆ.

ಕನ್ನಡ ಬರೆಯುವುದಕ್ಕೆ ಏನೂ ಕೊಳ್ಳಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಅಡಿ ಕಗಪ ವಿನ್ಯಾಸ ಸಿದ್ಧವಾಗಿದೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಅದಕ್ಕೆ ಆಧಾರ. ಇಂಗ್ಲಿಷ್ ಕೀಲಿಯ ಕೆ ಒತ್ತಿದರೆ ಕ, ಎನ್ ಒತ್ತಿದರೆ ನ, ಎಫ್ ಒತ್ತಿದರೆ ಒತ್ತಿಗೆ ಬೇಕಾದ ಅರ್ಧಾಕ್ಷರ, ಡಬ್ಲ್ಯೂ ಒತ್ತಿದರೆ ಡ. 'ಕನ್ನಡ' ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಕೀಲಿ.

ಪ್ರಶ್ನೆ: ಗೆಳೆಯರೆಲ್ಲ ಆರ್ಚ್ ಹಾಕು ಅನ್ನುತ್ತಾರೆ. ಉಬುಂಟು, ಫೆಡೋರಾ, ಡೆಬಿಯನ್ ಅಂತ ಲಿನಕ್ಸ್‌ನಲ್ಲೇ ಹತ್ತಾರು ಹೆಸರು. ಯಾವುದು ಒಳ್ಳೆಯದು?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಿಮ್ಮ ಹಾಸ್ಟೆಲ್‌ನಲ್ಲಿ ಜಾಸ್ತಿ ಜನ ಯಾವುದನ್ನು ಬಳಸುತ್ತಾರೋ ಅದು. ಏನಾದರೂ ಕೆಟ್ಟಾಗ ಪಕ್ಕದ ರೂಮಿನವರು ಬಂದು ನೋಡುವ ಹಾಗಿದ್ದರೆ ಅದಕ್ಕಿಂತ ಬೇರೆ ಏನು ಬೇಕು? ಆರ್ಚ್ ಕಲಿಯುವುದಕ್ಕೆ ಒಳ್ಳೆಯದು. ಅದರ ವಿಕಿಯಂತೂ ಚಿನ್ನ, ಡೆಬಿಯನ್ ಬಳಸುವ ನಾನೂ ವಾರಕ್ಕೊಮ್ಮೆ ಅದನ್ನು ತೆರೆಯುತ್ತೇನೆ.

ನಾನು ಡೆಬಿಯನ್‌ನಲ್ಲೇ ಉಳಿದದ್ದಕ್ಕೆ ಕಾರಣ ಒಂದೇ. ಅದು ಯಾವ ಕಂಪನಿಯ ಸ್ವತ್ತೂ ಅಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು. ಇವತ್ತಿಗೂ ಸ್ವಯಂಸೇವಕರೇ ನಡೆಸುತ್ತಾರೆ, ಪ್ರತಿ ವರ್ಷ ಮತ ಹಾಕಿ ತಮ್ಮ ನಾಯಕರನ್ನು ಆರಿಸುತ್ತಾರೆ. 2020ರ ಡಿಸೆಂಬರ್‌ನಲ್ಲಿ ರೆಡ್ ಹ್ಯಾಟ್ ಕಂಪನಿ ಸೆಂಟ್‌ಒಎಸ್ 8 ಎಂಬ ಲಿನಕ್ಸನ್ನು ಮುಂದಿನ ವರ್ಷದ ಕೊನೆಗೇ ನಿಲ್ಲಿಸುತ್ತೇವೆ ಅಂದಿತು. 2029ರವರೆಗೆ ಬೆಂಬಲ ಇರುತ್ತದೆ ಅಂತ ನಂಬಿ ಸರ್ವರ್‌ಗಳಿಗೆ ಅದನ್ನು ಹಾಕಿದ್ದವರು ಆ ವರ್ಷ ಪಟ್ಟ ಪಾಡು ಸಣ್ಣದಲ್ಲ. ಡೆಬಿಯನ್‌ನಲ್ಲಿ ಹಾಗೆ ಮೇಲಿನಿಂದ ಒಂದು ಆದೇಶ ಬಂದು ಎಲ್ಲ ತಲೆಕೆಳಗಾಗುವುದಿಲ್ಲ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಪುಟ ಕಟ್ಟಲು ಪೇಜ್‌ಮೇಕರ್, ಅಕ್ಷರಕ್ಕೆ ನುಡಿ ಫಾಂಟು. ಮದುವೆ ಪತ್ರಿಕೆಯಿಂದ ಹಿಡಿದು ಸ್ಥಳೀಯ ಲೇಖಕರ ಪುಸ್ತಕಗಳವರೆಗೆ ಸಾವಿರಾರು ಫೈಲುಗಳಿವೆ. ಲಿನಕ್ಸ್‌ಗೆ ಬಂದರೆ ಇವೆಲ್ಲ ತೆರೆಯುತ್ತವೆಯೇ?
– ಮುದ್ರಣಾಲಯದ ಮಾಲೀಕರು, ಗದಗ

ಉತ್ತರ: ಈ ಸಂಚಿಕೆಯಲ್ಲಿ ನಾನು ಬಹಳ ಹೊತ್ತು ಕೂತು ಬರೆದ ಉತ್ತರ ನಿಮ್ಮದೇ. ಯಾಕೆಂದರೆ ಆಪರೇಟಿಂಗ್ ಸಿಸ್ಟಮ್ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ನಿಮ್ಮ ಪ್ರಶ್ನೆಯಲ್ಲಿದೆ. ಸಿಸ್ಟಮ್ ಬದಲಾಯಿಸುವುದು ಒಂದು ಮಧ್ಯಾಹ್ನದ ಕೆಲಸ. ನಮ್ಮನ್ನು ಕಟ್ಟಿಹಾಕಿರುವುದು ನಮ್ಮ ಹಳೆಯ ಫೈಲುಗಳು. ಅವನ್ನು ಬಿಡಿಸಿಕೊಳ್ಳದೆ ಯಾವ ಸಿಸ್ಟಮ್‌ಗೆ ಹೋದರೂ ಅಷ್ಟೇ.

ನಿಮ್ಮ ಫೈಲಿನ ಒಳಗೆ ಏನಿದೆ ನೋಡಿ. ಹಳೆಯ ನುಡಿ ಫಾಂಟಿನಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ಡಿಸ್ಕಿನಲ್ಲಿ ಕೂರುವುದು ಕನ್ನಡ ಅಲ್ಲ. ಮೊದಲು ಇಂಗ್ಲಿಷಿನ ದೊಡ್ಡ ಪಿ, ಆಮೇಲೆ ತಲೆಯ ಮೇಲೆ ಓರೆ ಗೆರೆ ಇರುವ ಎ. ಇವೆರಡೂ ಸೇರಿ ಕ. ನ ಬೇಕಾದ ಕಡೆ ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು ಫಾಂಟು. ಫಾಂಟ್ ತೆಗೆದರೆ ವೇಷ ಕಳಚಿತು, ಬರೀ ಗುರುತುಗಳು ಉಳಿದವು. ಅದಕ್ಕೇ ಆ ಫೈಲುಗಳಲ್ಲಿ ಹುಡುಕಲು ಆಗುವುದಿಲ್ಲ, ಫೋನಿಗೆ ಕಳಿಸಿದರೆ ಓದಲು ಆಗುವುದಿಲ್ಲ. ಆ ಕಾಲಕ್ಕೆ ಅದು ಬೇಕಾಗಿತ್ತು, ಅದನ್ನು ಕಟ್ಟಿದವರ ಬಗ್ಗೆ ನನಗೆ ತುಂಬ ಗೌರವ ಇದೆ. ಆ ಫಾಂಟುಗಳಿಲ್ಲದಿದ್ದರೆ ನಮ್ಮ ಸಣ್ಣ ಊರುಗಳಲ್ಲಿ ಕನ್ನಡ ಪುಸ್ತಕಗಳೇ ಅಚ್ಚಾಗುತ್ತಿರಲಿಲ್ಲ. ಆದರೆ ಈಗ ಯೂನಿಕೋಡ್ ಇದೆ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಫಾಂಟ್ ಯಾವುದೇ ಇರಲಿ, ಕ ಅಂದರೆ ಕ ಆಗಿಯೇ ಉಳಿಯುತ್ತದೆ.

ಈಗ ಬಿಡಿಸಿಕೊಳ್ಳುವ ದಾರಿ. ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ, ಆಮೇಲೆ ಹೊಸ ಆವೃತ್ತಿ ಬರಲಿಲ್ಲ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಆದರೆ ಬಹಳ ಜನರಿಗೆ ತಿಳಿಯದ ಒಂದು ಸಂಗತಿ ಇದೆ. ಲಿಬ್ರೆಆಫೀಸ್ 2015ರ 4.4 ಆವೃತ್ತಿಯಿಂದ ಪೇಜ್‌ಮೇಕರ್ ಫೈಲುಗಳನ್ನು ತೆರೆಯುತ್ತದೆ. ಹಳೆಯ ಫೈಲುಗಳ ಒಳರಚನೆಯನ್ನು ಬಿಡಿಸಿ ಓದುವುದಕ್ಕೆಂದೇ ಒಂದು ಸ್ವಯಂಸೇವಕರ ಗುಂಪು ಕೂತು ಮಾಡಿದ ಕೆಲಸ ಅದು. ಪುಟವಿನ್ಯಾಸ ಇದ್ದ ಹಾಗೇ ಬರುತ್ತದೆ ಅಂತ ನಿರೀಕ್ಷೆ ಬೇಡ. ಪಠ್ಯವನ್ನು ಹೊರಗೆ ತೆಗೆದುಕೊಳ್ಳಲು ಪ್ರಯತ್ನಿಸಿ ನೋಡಿ. ಅದು ಕೈಕೊಟ್ಟರೆ, ಪೇಜ್‌ಮೇಕರ್ ಓಡುವ ಹಳೆಯ ಕಂಪ್ಯೂಟರ್ ಇರುವಾಗಲೇ ಪಠ್ಯವನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಆ ಕಂಪ್ಯೂಟರ್ ಕೆಟ್ಟ ಮೇಲೆ ಹುಡುಕಾಡುವುದು ಬೇಡ.

ಸಿಕ್ಕ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸಲು ಕನ್ನಡದ ಉತ್ಸಾಹಿಗಳೇ ಬರೆದ, ಕೋಡ್ ತೆರೆದಿಟ್ಟ ಪರಿವರ್ತಕಗಳಿವೆ. ಬಳಸಿ. ಆದರೆ ಮೂರು ಕಡೆ ಕಣ್ಣಿಡಿ. ಮೊದಲನೆಯದು ಅರ್ಕಾವತ್ತು. 'ಸೂರ್ಯ' ಬರೆಯುವಾಗ ನುಡಿಯಲ್ಲಿ ಅರ್ಕಾವತ್ತಿನ ಗುರುತು ಯ ಆದ ಮೇಲೆ ಬರುತ್ತದೆ, ಕಣ್ಣಿಗೆ ಕಂಡ ಕ್ರಮದಲ್ಲಿ. ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು, ಬಾಯಲ್ಲಿ ಹೇಳುವ ಕ್ರಮದಲ್ಲಿ. ಪರಿವರ್ತಕ ಆ ಗುರುತನ್ನು ಎತ್ತಿ ಹಿಂದಕ್ಕೆ ಇಡಬೇಕು. ಒತ್ತಕ್ಷರದ ಮೇಲೆ ಅರ್ಕಾವತ್ತು ಬಂದ ಕಡೆಗಳಲ್ಲಿ ಇದು ತಪ್ಪುವುದುಂಟು. ಎರಡನೆಯದು, ಕನ್ನಡದ ಮಧ್ಯೆ ಇದ್ದ ಇಂಗ್ಲಿಷ್ ಪದಗಳು. ಪರಿವರ್ತಕಕ್ಕೆ ಎಲ್ಲವೂ ಕನ್ನಡವೇ, ಹಾಗಾಗಿ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡ ಆಗಿಬಿಡುತ್ತವೆ. ಮೂರನೆಯದು ಅಂಕಿ. ಕನ್ನಡ ಅಂಕಿ ಇದ್ದ ಕಡೆ ಇಂಗ್ಲಿಷ್ ಅಂಕಿ ಬಂದಿರಬಹುದು. ಕರಡು ತಿದ್ದುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಸಾವಿರಾರು ಫೈಲುಗಳನ್ನೂ ತಿರುಗಿಸಬೇಕಿಲ್ಲ. ಮದುವೆ ಪತ್ರಿಕೆ ಬಿಡಿ. ಪುಸ್ತಕಗಳನ್ನು ಮೊದಲು ಮಾಡಿ. ಆ ಲೇಖಕರ ಕೈಬರಹದ ಪ್ರತಿ ಇವತ್ತು ಎಲ್ಲಿದೆಯೋ ಯಾರಿಗೆ ಗೊತ್ತು? ಎಷ್ಟೋ ಪುಸ್ತಕಗಳಿಗೆ ನಿಮ್ಮ ಡಿಸ್ಕಿನಲ್ಲಿರುವುದೇ ಕೊನೆಯ ಪ್ರತಿ ಇರಬಹುದು.

ಹೊಸ ಕೆಲಸವನ್ನು ಇವತ್ತಿನಿಂದಲೇ ಯೂನಿಕೋಡ್‌ನಲ್ಲಿ ಮಾಡಿ. ಪುಟ ಕಟ್ಟಲು ಸ್ಕ್ರೈಬಸ್ ಇದೆ, ಅದರ 1.6 ಆವೃತ್ತಿಯಲ್ಲಿ ಕನ್ನಡದ ಒತ್ತುಗಳು ಸರಿಯಾಗಿ ಕೂರುತ್ತವೆ. ಹಳೆಯ ಆವೃತ್ತಿ ನೋಡಿ ಬೇಸರಪಟ್ಟವರು ಮತ್ತೊಮ್ಮೆ ನೋಡಲಿ. ಫಾಂಟುಗಳಲ್ಲಿ ಲೋಹಿತ್, ಗುಬ್ಬಿ, ನವಿಲು, ಕೇದಗೆ, ಮಲ್ಲಿಗೆ, ನೋಟೋ ಎಲ್ಲ ಮುಕ್ತ. ಪುಸ್ತಕದ ಒಳಪುಟಕ್ಕೆ ನನ್ನ ಆಯ್ಕೆ ನೋಟೋ ಸೆರಿಫ್ ಕನ್ನಡ. ಆದರೆ ನಿಮ್ಮ ಶೀರ್ಷಿಕೆಗಳಿಗೆ ಬೇಕಾದ ದಪ್ಪ, ಅಲಂಕಾರದ ಅಕ್ಷರಗಳು ಮುಕ್ತ ಫಾಂಟುಗಳಲ್ಲಿ ಇನ್ನೂ ಕಡಿಮೆ. ಅದು ನಿಜವಾದ ಕೊರತೆ.

ಪ್ರಶ್ನೆ: ಓಪನ್ ಸೋರ್ಸ್‌ನಲ್ಲಿ ಕೋಡ್ ಎಲ್ಲರಿಗೂ ಕಾಣುತ್ತದೆ ಅಂದರೆ ಕಳ್ಳರಿಗೂ ಕಾಣುತ್ತದೆ ಅಲ್ವಾ? ಅದು ಹೇಗೆ ಸುರಕ್ಷಿತ?
– ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಕಾಣುತ್ತದೆ. 2024ರಲ್ಲಿ ನಡೆದ ಒಂದು ಘಟನೆ ಹೇಳುತ್ತೇನೆ. ನಿಮ್ಮ ಅನುಮಾನಕ್ಕೂ ನನ್ನ ನಂಬಿಕೆಗೂ ಅದೇ ಆಧಾರ.

ಎಕ್ಸ್‌ಜೆಡ್ ಅಂತ ಒಂದು ಸಣ್ಣ ಸಾಫ್ಟ್‌ವೇರ್ ಇದೆ. ಫೈಲುಗಳನ್ನು ಕುಗ್ಗಿಸುವ ಕೆಲಸ ಅದರದು. ಲಿನಕ್ಸ್ ಇರುವ ಕಡೆಯಲ್ಲೆಲ್ಲ ಅದೂ ಇರುತ್ತದೆ. ಫಿನ್‌ಲ್ಯಾಂಡಿನ ಲಾಸ್ಸೆ ಕೊಲಿನ್ ವರ್ಷಗಳಿಂದ ಬಿಡುವಿನ ವೇಳೆಯಲ್ಲಿ, ಹೆಚ್ಚುಕಡಿಮೆ ಒಬ್ಬರೇ ಅದನ್ನು ನೋಡಿಕೊಳ್ಳುತ್ತಿದ್ದರು. 2021ರ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಬಂದು ಸಹಾಯ ಶುರು ಮಾಡಿದರು. ಒಳ್ಳೆಯ ಕೆಲಸವನ್ನೇ ಮಾಡಿದರು. ಈ ನಡುವೆ ಬೇರೆ ಬೇರೆ ಹೆಸರಿನವರು ಕೊಲಿನ್‌ಗೆ ಬರೆದು, ನೀವು ನಿಧಾನ, ಬೇರೆಯವರಿಗೂ ಅಧಿಕಾರ ಕೊಡಿ ಅಂತ ಒತ್ತಾಯ ಹಾಕಿದರು. ಕೊನೆಗೆ ಜಿಯಾ ಟಾನ್‌ಗೆ ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಬಂದ 5.6.0 ಮತ್ತು ಮುಂದಿನ ತಿಂಗಳು ಬಂದ 5.6.1ರಲ್ಲಿ ಕಳ್ಳಬಾಗಿಲು ಇತ್ತು. ಪರೀಕ್ಷೆಗೆಂದು ಇಟ್ಟ ಫೈಲುಗಳ ಒಳಗೆ ಅದನ್ನು ಬಚ್ಚಿಟ್ಟಿದ್ದರು. ಅದು ಎಲ್ಲ ಕಡೆ ಹರಡಿದ್ದರೆ ಲೆಕ್ಕವಿಲ್ಲದಷ್ಟು ಸರ್ವರ್‌ಗಳಿಗೆ ಬೀಗ ಇದ್ದೂ ಇಲ್ಲದ ಹಾಗೆ ಆಗುತ್ತಿತ್ತು.

ಹಿಡಿದದ್ದು ಆಂಡ್ರೆಸ್ ಫ್ರಾಯಂಡ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರಲ್ಲಿ ಒಬ್ಬರು, ಕೆಲಸ ಮೈಕ್ರೋಸಾಫ್ಟ್‌ನಲ್ಲಿ. ಡೆಬಿಯನ್‌ನ ಅಸ್ಥಿರ (ಇನ್ನೂ ತಯಾರಾಗುತ್ತಿರುವ) ಆವೃತ್ತಿಯಲ್ಲಿ ವೇಗದ ಪರೀಕ್ಷೆ ಮಾಡುತ್ತಿದ್ದಾಗ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಜಾಸ್ತಿ ಹಿಡಿಯುವುದು ಕಂಡಿತು. ಅರ್ಧ ಸೆಕೆಂಡು! ನಾವಾಗಿದ್ದರೆ ಗಮನಿಸುತ್ತಲೂ ಇರಲಿಲ್ಲ. ಅವರು ಬಿಡದೆ ಬೆನ್ನು ಹತ್ತಿದರು. ಮೂಲ ತೆರೆದಿದ್ದರಿಂದ ಒಂದೊಂದೇ ಪದರ ಬಿಚ್ಚಿ ನೋಡಲು ಆಯಿತು. 2024ರ ಮಾರ್ಚ್ 29ಕ್ಕೆ ಎಲ್ಲವನ್ನೂ ಬಹಿರಂಗವಾಗಿ ಬರೆದರು. ಸ್ಥಿರ ಡೆಬಿಯನ್‌ಗೆ ಆ ಆವೃತ್ತಿ ತಲುಪಿರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು. ಎಲ್ಲರೂ ನೋಡಬಹುದು ಅಂದ ಮಾತ್ರಕ್ಕೆ ಯಾರೋ ನೋಡುತ್ತಿದ್ದಾರೆ ಅಂತ ಆಗುವುದಿಲ್ಲ. 2014ರಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ದೋಷ, ವೆಬ್‌ಸೈಟ್‌ಗಳ ಸಂಪರ್ಕವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಎರಡು ವರ್ಷ ಎಲ್ಲರ ಕಣ್ಣೆದುರೇ ಇತ್ತು. ಆದರೆ ಅನುಮಾನ ಬಂದಾಗ, ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಇಳಿದು ನೋಡುವ ಹಕ್ಕು ಇದೆಯಲ್ಲ, ಅದಕ್ಕೆ ನಾನು ಬೆಲೆ ಕೊಡುತ್ತೇನೆ. ಮುಚ್ಚಿದ ಸಾಫ್ಟ್‌ವೇರ್ ಆಗಿದ್ದರೆ ಫ್ರಾಯಂಡ್ ಒಂದು ದೂರು ಬರೆದು ಕಾಯಬೇಕಿತ್ತು. ನೀವು ಮಾಡಬೇಕಾದದ್ದು ಇಷ್ಟೇ: ಸ್ಥಿರ ಆವೃತ್ತಿ ಬಳಸಿ, ಅಪ್‌ಡೇಟ್ ಬಂದ ದಿನವೇ ಹಾಕಿ.

ಪ್ರಶ್ನೆ: ನಮ್ಮ ಅಂಗಡಿಯ ಲೆಕ್ಕ ಪೂರ್ತಿ ಟ್ಯಾಲಿಯಲ್ಲಿದೆ. ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಬೇರೆ. ಲಿನಕ್ಸ್ ಹಾಕಬಹುದೇ?
– ವ್ಯಾಪಾರಿ, ದಾವಣಗೆರೆ

ಉತ್ತರ: ಆ ಕಂಪ್ಯೂಟರ್‌ಗೆ ಬೇಡ. ಟ್ಯಾಲಿ ನಮ್ಮ ಬೆಂಗಳೂರಿನದೇ, ಆದರೆ ಮಾಡಿರುವುದು ವಿಂಡೋಸ್‌ಗೆ. ವೈನ್ ಎಂಬ ಸಾಫ್ಟ್‌ವೇರ್ ಮೂಲಕ ಲಿನಕ್ಸ್‌ನಲ್ಲಿ ಓಡಿಸಲು ನೋಡುವವರಿದ್ದಾರೆ. ರಿಟರ್ನ್ಸ್ ಕಟ್ಟುವ ಕೊನೆಯ ದಿನ ಅದು ನಿಂತರೆ ನಿಮಗೆ ದಂಡ ಬೀಳುತ್ತದೆ, ನನಗಲ್ಲ. ಟೋಕನ್‌ಗಳೂ ಅಷ್ಟೇ, ವಿಂಡೋಸ್‌ನಲ್ಲಿ ಸುಲಭ. ಲೆಕ್ಕದ ಯಂತ್ರ ಒಂದನ್ನು ವಿಂಡೋಸ್ 11ರಲ್ಲಿ ಇಟ್ಟು, ಮನೆಯದಕ್ಕೆ, ಮಕ್ಕಳದಕ್ಕೆ ಲಿನಕ್ಸ್ ಹಾಕಿ. ಕೆಲಸಕ್ಕೆ ತಕ್ಕ ಸಿಸ್ಟಮ್ ಇರಲಿ.

ಪ್ರಶ್ನೆ: ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಉಬುಂಟು ಎರಡೂ ಇವೆ. ಉಬುಂಟು ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಬ್ಯಾಟರಿ ಸೆಲ್ ಬದಲಿಸಿದರೂ ಹೋಗಿಲ್ಲ. ಇನ್ನೊಂದು ತೊಂದರೆ, ಉಬುಂಟುವಿನಿಂದ ಡಿ ಡ್ರೈವ್‌ಗೆ ಏನೂ ಬರೆಯಲು ಆಗುತ್ತಿಲ್ಲ.
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಸೆಲ್‌ನ ತಪ್ಪಲ್ಲ. ಐದೂವರೆ ಗಂಟೆ ಅಂದಾಗಲೇ ಕಾರಣ ಸಿಕ್ಕಿತು. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಸಮಯ ಬರೆದಿಡುತ್ತದೆ, ಆಮೇಲೆ ಐದೂವರೆ ಗಂಟೆ ಕೂಡಿಸಿ ನಮಗೆ ತೋರಿಸುತ್ತದೆ. ವಿಂಡೋಸ್ ಅಲ್ಲಿರುವುದೇ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ಉಬುಂಟುವಿಗೆ ನೀನೂ ಸ್ಥಳೀಯ ಸಮಯವನ್ನೇ ಬರೆ ಅಂತ ಹೇಳಿದರೆ ಮುಗಿಯಿತು. ಟೈಮ್‌ಡೇಟ್‌ಸಿಟಿಎಲ್ ಎಂಬ ಕಮಾಂಡ್‌ನಲ್ಲಿ 'ಸೆಟ್ ಲೋಕಲ್ ಆರ್‌ಟಿಸಿ' ಆಯ್ಕೆಗೆ 1 ಕೊಡಿ.

ಡಿ ಡ್ರೈವ್ ವಿಷಯ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಯಲ್ಲಿ ಇರುತ್ತದೆ. ಆಗ ಬರೆದರೆ ಫೈಲುಗಳು ಹಾಳಾಗಬಹುದು ಅಂತ ಲಿನಕ್ಸ್ ಬರೀ ಓದಲು ಬಿಡುತ್ತದೆ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ಆಫ್ ಮಾಡಿ. ಹಾಗೇ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಕಾಗದದ ಮೇಲೆ.

ಪ್ರಶ್ನೆ: ಲಿನಕ್ಸ್ ಹಾಕಿದ ಮೇಲೆ ಅಂಗಡಿಯ ಒಂದು ಪ್ರಿಂಟರ್ ಚೆನ್ನಾಗಿ ನಡೆಯುತ್ತಿದೆ, ಇನ್ನೊಂದು ಜಪ್ಪಯ್ಯ ಅಂದರೂ ಇಲ್ಲ. ಯಾಕೆ ಹೀಗೆ?
– ಜೆರಾಕ್ಸ್ ಅಂಗಡಿ, ಶಿರಸಿ

ಉತ್ತರ: ಕೆಲವು ಕಂಪನಿಗಳು ತಮ್ಮ ಪ್ರಿಂಟರ್ ಯಾವ ಭಾಷೆಯಲ್ಲಿ ಮಾತಾಡುತ್ತದೆ ಅನ್ನುವುದನ್ನು ಹೊರಗೆ ಹೇಳುವುದಿಲ್ಲ. ಅಂಥವಕ್ಕೆ ಯಾರೋ ಊಹಿಸಿ ಡ್ರೈವರ್ ಬರೆಯಬೇಕು. ಎಚ್‌ಪಿಯವರು ಎಚ್‌ಪಿಲಿಪ್ ಅಂತ ಓಪನ್ ಸೋರ್ಸ್ ಡ್ರೈವರನ್ನೇ ಕೊಡುತ್ತಾರೆ, ಆದರೂ ಲೇಸರ್‌ಜೆಟ್ 1020ರಂಥ ಹಳೆಯ ಕೆಲವು ಮಾದರಿಗಳಿಗೆ ಮೇಲೊಂದು ಪ್ಲಗಿನ್ ಇಳಿಸಿಕೊಳ್ಳಬೇಕು. ಮುಂದೆ ಪ್ರಿಂಟರ್ ಕೊಳ್ಳುವಾಗ ಐಪಿಪಿ ಎವೆರಿವೇರ್ ಅಥವಾ ಏರ್‌ಪ್ರಿಂಟ್ ಎಂಬ ಸೌಲಭ್ಯ ಇದೆಯಾ ಅಂತ ಕೇಳಿ. ಇದ್ದರೆ ಡ್ರೈವರ್‌ನ ಗೋಜೇ ಇಲ್ಲ.

ಒಂದು ವಿಷಯ ನಿಮಗೆ ಇಷ್ಟವಾಗಬಹುದು. ಈ ಇಡೀ ಮುಕ್ತ ಸಾಫ್ಟ್‌ವೇರ್ ಚಳವಳಿಯ ಹಿಂದೆ ಇದ್ದದ್ದು ಒಂದು ಪ್ರಿಂಟರ್. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಹೊಸ ಜೆರಾಕ್ಸ್ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿದರೆ ಕಾಯುತ್ತಿರುವವರ ಪರದೆಗೆ ಸಂದೇಶ ಹೋಗುವ ಹಾಗೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಮಾಡಿದ್ದರು. ಹೊಸದಕ್ಕೂ ಹಾಗೇ ಮಾಡೋಣವೆಂದರೆ ಅದರ ಮೂಲ ಕೋಡ್ ಸಿಗಲಿಲ್ಲ. ಕೋಡ್ ಇದ್ದವರೊಬ್ಬರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲ ಅಂತ ಸಹಿ ಹಾಕಿದ್ದೇನೆ ಅಂದರು. ಆ ಬೇಸರ ಸ್ಟಾಲ್ಮನ್ ಮನಸ್ಸಿನಿಂದ ಹೋಗಲಿಲ್ಲ. 1983ರಲ್ಲಿ ಅವರು ಪೂರ್ತಿ ಮುಕ್ತವಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನುಸ್ ಟೊರ್ವಾಲ್ಡ್ಸ್ ಬರೆಯಲು ಶುರು ಮಾಡಿದ ಲಿನಕ್ಸ್ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಅದರ ಜೊತೆ ಸೇರಿತು. ಇವತ್ತು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಅದೇ ಕರ್ನಲ್.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಲ್ಯಾಬ್‌ನಲ್ಲಿ ಹತ್ತು ಹಳೆಯ ಕಂಪ್ಯೂಟರ್‌ಗಳಿವೆ. ಇಂಟರ್ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಏನು ಹಾಕಿದರೆ ಮಕ್ಕಳಿಗೆ ಉಪಯೋಗ?
– ಶಿಕ್ಷಕಿ, ಕೊಳ್ಳೇಗಾಲ

ಉತ್ತರ: ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ಮಾಡುತ್ತಿವೆ. ಅಲ್ಲಿನ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಉಬುಂಟು ಆಧರಿಸಿದ ತನ್ನದೇ ಆವೃತ್ತಿ ಮಾಡುತ್ತದೆ. ಸಾಫ್ಟ್‌ವೇರ್ ಹಂಚುವುದು ಯಾರಿಗಾದರೂ ಸಾಧ್ಯ. ಅವರು ಶಿಕ್ಷಕರಿಗೆ ತರಬೇತಿ ಕೊಟ್ಟರು, ಪಠ್ಯಪುಸ್ತಕವನ್ನೂ ಅದಕ್ಕೆ ಹೊಂದಿಸಿದರು, ಅದಕ್ಕೇ ಅದು ನಿಂತಿತು. ನಮ್ಮಲ್ಲೂ ಆಗಲಿ ಅನ್ನುವುದು ನನ್ನ ದೊಡ್ಡ ಆಸೆ.

ನಿಮ್ಮ ಯಂತ್ರಗಳು 64 ಬಿಟ್ ಆಗಿದ್ದರೆ ಡೆಬಿಯನ್ 13 ಅಥವಾ ಮಿಂಟ್ ಹಾಕಿ. 32 ಬಿಟ್ ಯಂತ್ರಗಳಿಗೆ ಡೆಬಿಯನ್ 13ರ ಇನ್‌ಸ್ಟಾಲರ್ ಇಲ್ಲ, ಹಿಂದಿನ 12 ಇದೆ. ಇಂಟರ್ನೆಟ್ ಇಲ್ಲದ ದಿನಗಳಿಗೆ ಕಿವಿಕ್ಸ್ ಹಾಕಲೇಬೇಕು. ಒಮ್ಮೆ ಎಲ್ಲಾದರೂ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತಂದರೆ ಕನ್ನಡ ವಿಕಿಪೀಡಿಯ ಪೂರ್ತಿ ಹತ್ತೂ ಕಂಪ್ಯೂಟರ್‌ಗಳಲ್ಲಿ ಇಂಟರ್ನೆಟ್ ಇಲ್ಲದೆ ತೆರೆಯುತ್ತದೆ. ಸ್ಟೆಲ್ಲೇರಿಯಂ ಹಾಕಿ, ಸ್ಥಳಕ್ಕೆ ಕೊಳ್ಳೇಗಾಲದ ಅಕ್ಷಾಂಶ ರೇಖಾಂಶ ಕೊಡಿ, ಅವತ್ತಿನ ರಾತ್ರಿಯ ಆಕಾಶ ಬೆಳಿಗ್ಗೆಯೇ ಪರದೆ ಮೇಲೆ ಕಾಣುತ್ತದೆ. ಮಕ್ಕಳು ರಾತ್ರಿ ಮನೆಯ ಹೊರಗೆ ನಿಂತು ಹೋಲಿಸಿ ನೋಡಲಿ. ಹಾಕಲು ಕೈ ಬೇಕಾದರೆ ಬೆಂಗಳೂರಿನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಬ ಬಳಗ ಇದೆ, ಅವರನ್ನು ಕೇಳಿ.

ಪ್ರಶ್ನೆ: ಎಲ್ಲ ಪುಕ್ಕಟೆ ಅಂದರೆ ಬರೆದವರ ಹೊಟ್ಟೆ ತುಂಬುವುದು ಹೇಗೆ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಕೆಲವರದು ಚೆನ್ನಾಗಿಯೇ ತುಂಬುತ್ತದೆ. ಲಿನಕ್ಸ್ ಕರ್ನಲ್‌ಗೆ ಕೋಡ್ ಬರೆಯುವವರಲ್ಲಿ ಹೆಚ್ಚಿನವರು ದೊಡ್ಡ ಕಂಪನಿಗಳ ಸಂಬಳದಲ್ಲಿದ್ದಾರೆ. ಲಿನಕ್ಸ್ ಬೆಂಬಲವನ್ನೇ ಮಾರುವ ರೆಡ್ ಹ್ಯಾಟನ್ನು 2019ರಲ್ಲಿ ಐಬಿಎಂ ಕೊಂಡದ್ದು 3,400 ಕೋಟಿ ಡಾಲರ್‌ಗೆ. ಆದರೆ ಎಕ್ಸ್‌ಜೆಡ್‌ನಂಥ ಸಣ್ಣ, ಎಲ್ಲರಿಗೂ ಬೇಕಾದ ತುಂಡುಗಳನ್ನು ನೋಡಿಕೊಳ್ಳುವವರಿಗೆ ಹೆಚ್ಚಾಗಿ ಯಾರೂ ಕೊಡುವುದಿಲ್ಲ. ಅದು ಅನ್ಯಾಯ. ಅಪಾಯವೂ ಹೌದು. ಇದರ ಬಗ್ಗೆ ನಮ್ಮ ಊರಿನಿಂದಲೇ ಒಂದು ಒಳ್ಳೆಯ ಕೆಲಸ ಆಗಿದೆ. ಬೆಂಗಳೂರಿನ ಷೇರು ವಹಿವಾಟು ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಇಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿತು. ನಿಮ್ಮ ಕಂಪನಿಯ ಸರ್ವರ್‌ಗಳಲ್ಲಿ ಯಾವ ಯಾವ ಓಪನ್ ಸೋರ್ಸ್ ತುಂಡುಗಳಿವೆ ಅಂತ ಒಂದು ಪಟ್ಟಿ ಮಾಡಿ, ಅದನ್ನು ಮ್ಯಾನೇಜರ್ ಮುಂದೆ ಇಟ್ಟು ಇವರಿಗೆ ನಾವು ಏನು ಕೊಡುತ್ತಿದ್ದೇವೆ ಅಂತ ಕೇಳಿ. ಕೇಳಲು ನಿಮಗಿಂತ ಸರಿಯಾದ ಜಾಗದಲ್ಲಿ ಇರುವವರು ಯಾರು?

ಪ್ರಶ್ನೆ: ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಕನ್ನಡ ಎಂ.ಎ. ಓದಿದ್ದೇನೆ. ಓಪನ್ ಸೋರ್ಸ್‌ಗೆ ನಾನೇನಾದರೂ ಮಾಡಬಹುದೇ?
– ಗೃಹಿಣಿ, ಮೈಸೂರು

ಉತ್ತರ: ನಿಮ್ಮಂಥವರೇ ಬೇಕು. ಲಿಬ್ರೆಆಫೀಸ್‌ನ ಮೆನುಗಳನ್ನು ವೆಬ್ಲೇಟ್ ಎಂಬ ತಾಣದಲ್ಲಿ ಯಾರು ಬೇಕಾದರೂ ಕನ್ನಡಕ್ಕೆ ತರಬಹುದು. ಅಲ್ಲಿರುವ ಕನ್ನಡದಲ್ಲಿ ಕೆಲವು ಕಡೆ ಭಾರವಾದ ಪದಗಳಿವೆ, ತಿದ್ದಿ ಸುಲಭ ಮಾಡಿ.

ಇನ್ನೊಂದು ಕೆಲಸ ಫಾಂಟ್ ಪರೀಕ್ಷೆ. 'ರ‍್ಯಾಂಕ್' ಅಂತ ಬರೆದು ಬೇರೆ ಬೇರೆ ಫಾಂಟುಗಳಲ್ಲಿ ನೋಡಿ. ಇಲ್ಲಿ ಅರ್ಕಾವತ್ತು ಬರಬಾರದು, ರ ಪೂರ್ತಿ ಕಂಡು ಯ ಒತ್ತು ಬರಬೇಕು. ಅದಕ್ಕಾಗಿ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತಾರೆ, ಹೆಸರು ಜೀರೋ ವಿಡ್ತ್ ಜಾಯ್ನರ್. ಕೆಲವು ಫಾಂಟುಗಳಲ್ಲಿ, ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇದು ಕೆಡುತ್ತದೆ. ಕೆಟ್ಟದ್ದು ಕಂಡರೆ ಒಂದು ದೂರು ಬರೆಯಿರಿ. ಅದರಲ್ಲಿ ನಾಲ್ಕು ವಿಷಯ ಇರಲಿ. ಫಾಂಟಿನ ಹೆಸರು ಮತ್ತು ಆವೃತ್ತಿ, ಯಾವ ಸಾಫ್ಟ್‌ವೇರ್‌ನಲ್ಲಿ ಕಂಡಿತು, ತಪ್ಪಾಗಿ ಕಂಡದ್ದರ ಪರದೆಯ ಚಿತ್ರ, ಮತ್ತು ಅದು ಹೇಗೆ ಕಾಣಬೇಕಿತ್ತು ಅಂತ ಕೈಯಲ್ಲಿ ಬರೆದು ತೆಗೆದ ಫೋಟೋ. ಆ ನಾಲ್ಕನೆಯದು ಬಹಳ ಮುಖ್ಯ. ದೂರು ಓದುವವರಿಗೆ ಕನ್ನಡ ಬರದೇ ಇರಬಹುದು.